ಕಲ್ಪನಾಲೋಕದ ಕಡಲ ದಾರಿ: ನಾಲ್ಕು ಬಗೆ, ನಿಮ್ಮ ಕಥೆಗೆ ಯಾವುದು?

ಫ್ಯಾಂಟಸಿ ಕಥೆ ಬರೆಯುವವರು, ಗೆಳೆಯರನ್ನು ಕೂಡಿಸಿಕೊಂಡು ಟೇಬಲ್ ಸುತ್ತ ಕಥೆಯ ಆಟ ಆಡಿಸುವವರು ಮೊದಲು ಕೂತು ಒಂದು ಮ್ಯಾಪ್ ಬಿಡಿಸುತ್ತಾರೆ. ಬೆಟ್ಟ, ಕೋಟೆ, ಕಾಡು, ರಾಕ್ಷಸರ ಊರು ಎಲ್ಲಾ ಚೆನ್ನಾಗಿ ಮೂಡಿ ಬರುತ್ತದೆ. ಸಮುದ್ರದ ಹತ್ತಿರ ಬಂದಾಗ ಮಾತ್ರ ಕೈ ಅವಸರ ಮಾಡುತ್ತದೆ. ಈ ದಡದಲ್ಲಿ ಒಂದು ಬಂದರು, ಆ ದಡದಲ್ಲಿ ಒಂದು ಬಂದರು, ನಡುವೆ ಚುಕ್ಕಿ ಚುಕ್ಕಿ ನೇರ ಗೆರೆ. "ಮುಖ್ಯ ವ್ಯಾಪಾರದ ದಾರಿ" ಅಂತ ಬರೆದರೆ ಮುಗಿಯಿತು.

ಆದರೆ ನಿಮ್ಮ ರಾಜಧಾನಿಯ ಬಜಾರಿನಲ್ಲಿ ಏನು ಸಿಗುತ್ತದೆ, ಯಾರು ಶ್ರೀಮಂತರು, ಸುದ್ದಿ ಎಷ್ಟು ತಡವಾಗಿ ಬರುತ್ತದೆ, ಯುದ್ಧ ಯಾವ ತಿಂಗಳಲ್ಲಿ ಆಗುತ್ತದೆ, ಇದೆಲ್ಲಾ ಆ ಒಂದು ಗೆರೆಯ ಮೇಲೆ ನಿಂತಿದೆ. ಹಾಯಿ ಹಡಗು ಗೆರೆ ನೋಡಿ ಹೋಗುವುದಿಲ್ಲ, ಗಾಳಿ ನೋಡಿ ಹೋಗುತ್ತದೆ. ಗಾಳಿ ಯಾವ ಕಡೆಗೆ ಬೀಸುತ್ತದೆ ಅಂತ ನಿರ್ಧರಿಸದೆ ಬಂದರು ಇಡಬೇಡಿ. ನನ್ನ ಮಟ್ಟಿಗೆ ಇದು ಮೊದಲ ನಿಯಮ.

ಕಡಲ ದಾರಿಗಳಲ್ಲಿ ದೊಡ್ಡದಾಗಿ ನಾಲ್ಕು ಬಗೆ ಇವೆ. ಋತುಗಾಳಿಯ ದಾರಿ, ದಂಡೆ ಹಿಡಿದು ಹೋಗುವ ದಾರಿ, ಇಕ್ಕಟ್ಟಿನ ಜಲಸಂಧಿ ದಾಟುವ ದಾರಿ, ಮಹಾಸಾಗರವನ್ನು ಸುತ್ತು ಹಾಕುವ ದಾರಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹತ್ತು ಕಥೆಗಳಲ್ಲಿ ಏಳಕ್ಕೆ ಋತುಗಾಳಿಯ ದಾರಿಯೇ ಸರಿ. ಉಳಿದ ಮೂರಕ್ಕೆ ಯಾವುದು, ಯಾಕೆ ಅಂತ ಮುಂದೆ ನೋಡೋಣ.

ಬೀದರಿನಲ್ಲಿ ಕೂತು ಸಮುದ್ರದ ಮಾತಾಡುವುದು ಕೆಲವರಿಗೆ ವಿಚಿತ್ರ ಅನಿಸಬಹುದು. ನಮ್ಮ ಊರಿನಿಂದ ಅರಬ್ಬೀ ಸಮುದ್ರ ನೇರ ಅಳತೆಯಲ್ಲೇ 400 ಕಿ.ಮೀ.ಗೂ ಜಾಸ್ತಿ ದೂರ. ಆದರೂ ಕೋಟೆಯೊಳಗಿನ ರಂಗೀನ್ ಮಹಲಿಗೆ ಹೋಗಿ ಬಾಗಿಲ ಚೌಕಟ್ಟಿನ ಕರಿ ಕಲ್ಲನ್ನು ಹತ್ತಿರದಿಂದ ನೋಡಿ. ಕಲ್ಲನ್ನು ಬಳ್ಳಿಯ ಆಕಾರಕ್ಕೆ ಕೊರೆದು, ಆ ಸಣ್ಣ ಕುಳಿಗಳಲ್ಲಿ ಮುತ್ತಿನ ಚಿಪ್ಪಿನ ತುಣುಕು ಕೂರಿಸಿದ್ದಾರೆ. ಬೆಳಕು ಓರೆಯಾಗಿ ಬಿದ್ದಾಗ ಒಂದು ತುಣುಕು ನಸುಗೆಂಪು, ಪಕ್ಕದ್ದು ನಸುಹಸಿರು. ಆ ಚಿಪ್ಪು ನಮ್ಮ ಮಾಂಜ್ರಾ ನದಿಯದ್ದಲ್ಲ. ಸಮುದ್ರದಿಂದ ಬಂದದ್ದು. ಊರಿನ ನಡುವೆ ನಿಂತಿರುವ ದೊಡ್ಡ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನ ಗಿಲಾನದವನು. ವ್ಯಾಪಾರಿಯಾಗಿ ಹಡಗು ಹತ್ತಿ, ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು, ಇಲ್ಲಿಗೆ ಬಂದು ಬಹಮನಿ ರಾಜ್ಯದ ಮಂತ್ರಿಯಾದವನು. ಸಮುದ್ರ ಕಾಣದ ಊರನ್ನೂ ಸಮುದ್ರ ಹೇಗೆ ಕಟ್ಟುತ್ತದೆ ಅನ್ನುವುದಕ್ಕೆ ಬೀದರಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹೋಲಿಸುವುದಕ್ಕೆ ಒಂದೇ ಮ್ಯಾಪ್

ನಾಲ್ಕನ್ನೂ ಬೇರೆ ಬೇರೆ ಲೋಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಒಂದು ಸಣ್ಣ ಲೋಕ ಕಟ್ಟೋಣ. ಸಮುದ್ರದ ಹೆಸರು ಮಸಿಗಡಲು. ಪೂರ್ವ ದಡದಲ್ಲಿ ಶಂಖೂರು ಅನ್ನುವ ಬಂದರು. ಅದರ ಹಿಂದೆ ಘಟ್ಟ, ಘಟ್ಟದ ಆಚೆ ಒಣಭೂಮಿಯ ಮೇಲೆ ಕೆಂಗೋಟೆ ಅನ್ನುವ ರಾಜಧಾನಿ. ಪಶ್ಚಿಮ ದಡದಲ್ಲಿ ಮರಳ್ನಾಡು. ಅಲ್ಲಿ ಮಿಂಚುಗುದುರೆಗಳು ಹುಟ್ಟುತ್ತವೆ. ಕೆಂಗೋಟೆಯ ಸೈನ್ಯಕ್ಕೆ ಅವು ಬೇಕೇ ಬೇಕು. ಆದರೆ ಕೆಂಗೋಟೆಯ ಹವೆಯಲ್ಲಿ ಅವು ಮರಿ ಹಾಕುವುದಿಲ್ಲ. ಪ್ರತಿ ವರ್ಷ ಹೊಸದಾಗಿ ತರಿಸಬೇಕು. ಎರಡು ದಡಗಳ ನಡುವೆ 2000 ಕಿ.ಮೀ. ನೀರು. ಉತ್ತರದಲ್ಲಿ ದಂಡೆ ಬಾಗಿ ಎರಡೂ ಕಡೆ ಕೂಡುತ್ತದೆ. ನಡುವೆ ದ್ವೀಪಗಳ ಸಾಲು, ಅದರಲ್ಲಿ ಒಂದೇ ಒಂದು ಆಳದ ಸಂದು. ದಕ್ಷಿಣಕ್ಕೆ ಕೊನೆಯಿಲ್ಲದ ತೆರೆದ ಸಾಗರ.

ಈಗ ಮಿಂಚುಗುದುರೆ ಕೆಂಗೋಟೆಗೆ ಯಾವ ದಾರಿಯಲ್ಲಿ ಬರಬೇಕು?

ಉತ್ತರ ಹೇಳುವ ಮುಂಚೆ ಸರಕನ್ನು ಚೆನ್ನಾಗಿ ನೋಡಿ. ಕುದುರೆ ಒಂದು ದಿನಕ್ಕೆ ಸುಮಾರು 30 ಲೀಟರ್ ನೀರು ಕುಡಿಯುತ್ತದೆ. ಐವತ್ತು ಕುದುರೆ ಅಂದರೆ ದಿನಕ್ಕೆ 1500 ಲೀಟರ್. ಇಪ್ಪತ್ತು ದಿನದ ಪ್ರಯಾಣಕ್ಕೆ 30,000 ಲೀಟರ್, ಅಂದರೆ ಬರೀ ನೀರೇ 30 ಟನ್. ಹುಲ್ಲು ಬೇರೆ. ಗಾಳಿ ನಿಂತು ಹಡಗು ಹತ್ತು ದಿನ ತಡವಾದರೆ ಮೊದಲು ಸಾಯುವುದು ಕುದುರೆಗಳೇ. ಮೆಣಸು ಸಾಗಿಸುವವನಿಗೆ ಈ ಭಯ ಇಲ್ಲ. ಹೀಗೆ ಸರಕೇ ಅರ್ಧ ದಾರಿಯನ್ನು ಆರಿಸಿಬಿಡುತ್ತದೆ.

ಋತುಗಾಳಿಯ ದಾರಿ

ನಮಗೆ ಇದು ಪರಿಚಯದ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬೀಸುವ ಮುಂಗಾರು ಗಾಳಿ, ನವೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ತಿರುಗಿ ಬೀಸುವ ಗಾಳಿ. ಕಲಬುರಗಿಯಲ್ಲಿ ತೊಗರಿ ಬಿತ್ತುವ ರೈತ ಯಾವ ಗಾಳಿಗೆ ಕಾಯುತ್ತಾನೋ, ಅದೇ ಗಾಳಿಗೆ ಅರಬ್ಬೀ ಸಮುದ್ರದ ನಾವಿಕರೂ ಕಾಯುತ್ತಿದ್ದರು. ಎರಡು ಸಾವಿರ ವರ್ಷಗಳ ಹಿಂದೆಯೇ ಈಜಿಪ್ಟಿನ ಕಡೆಯಿಂದ ಬಂದ ಹಡಗುಗಳು ಈ ಗಾಳಿ ಹಿಡಿದು ನೇರ ಮಲಬಾರಿಗೆ ಬರುತ್ತಿದ್ದವು.

ಮಳೆಗಾಳಿ ಹಡಗನ್ನು ನಮ್ಮ ಕಡೆಗೇ ತಳ್ಳುತ್ತದೆ ಅಲ್ವಾ, ಹಾಗಾದರೆ ಜೂನ್‌ನಲ್ಲೇ ಹೊರಡಬಹುದಲ್ಲ ಅಂತ ಅನಿಸುತ್ತದೆ. ಆಗುವುದಿಲ್ಲ. ಜೂನ್, ಜುಲೈನಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚಿರುತ್ತಿದ್ದವು. ಅಲೆ ಅಷ್ಟು ಜೋರು. ಗಾಳಿಯ ಬಾಲ ಹಿಡಿದು, ಅದು ಇಳಿಯುವ ಹೊತ್ತಿಗೆ ಬಂದು ಮುಟ್ಟುವುದೇ ಜಾಣತನ. ಇಂದಿಗೂ ಕೊಂಕಣದಲ್ಲಿ ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸಿ, ಆಮೇಲೆ ದೋಣಿ ಇಳಿಸುತ್ತಾರೆ. ಕಡಲು ತೆರೆಯುವುದಕ್ಕೂ ಒಂದು ಹಬ್ಬ. ನಿಮ್ಮ ಲೋಕದಲ್ಲಿ ಈ ಹಬ್ಬಕ್ಕೆ ಏನು ಹೆಸರು? ಶಂಖೂರಿನವರು ಸಮುದ್ರಕ್ಕೆ ಏನು ಒಪ್ಪಿಸುತ್ತಾರೆ? ನೋಡಿ, ಗಾಳಿ ಆರಿಸಿದ ಕೂಡಲೇ ಒಂದು ಹಬ್ಬ ತಾನಾಗಿ ಬಂತು.

ಈ ದಾರಿಯ ಜೀವ ಇರುವುದು ಕಾಯುವುದರಲ್ಲಿ. ಬಂದ ಗಾಳಿಯಲ್ಲೇ ತಿರುಗಿ ಹೋಗಲು ಆಗುವುದಿಲ್ಲ. ಗಾಳಿ ತಿರುಗುವವರೆಗೆ ವ್ಯಾಪಾರಿ ಪರದೇಶದ ಬಂದರಿನಲ್ಲಿ ತಿಂಗಳುಗಟ್ಟಲೆ ಇರಬೇಕು. ಇದ್ದ ಮೇಲೆ ಮನೆ ಬೇಕು, ಊಟ ಬೇಕು, ಪೂಜೆ-ನಮಾಜಿಗೆ ಜಾಗ ಬೇಕು. ಕೆಲವರು ಅಲ್ಲೇ ಮದುವೆ ಆಗುತ್ತಾರೆ. ಮಕ್ಕಳು ಎರಡು ಭಾಷೆ ಮಾತಾಡುತ್ತಾ ಬೆಳೆಯುತ್ತಾರೆ. ಇಂದಿನ ಮಲೇಷ್ಯಾದಲ್ಲಿರುವ ಮಲಾಕ್ಕಾ ಬಂದರಿನಲ್ಲಿ ಹೀಗೆ ಬಂದು ನಿಲ್ಲುವವರು ಎಷ್ಟು ಜನ ಇದ್ದರೆಂದರೆ, ಬೇರೆ ಬೇರೆ ನಾಡಿನ ವ್ಯಾಪಾರಿಗಳನ್ನು ನೋಡಿಕೊಳ್ಳಲು ನಾಲ್ಕು ಜನ ಶಾಹ್‌ಬಂದರ್‌ಗಳನ್ನು, ಅಂದರೆ ಬಂದರಿನ ಅಧಿಕಾರಿಗಳನ್ನು ನೇಮಿಸಿದ್ದರು. ಬೇರೆ ಯಾವ ದಾರಿಯೂ ಇಷ್ಟು ಜನರನ್ನು, ಇಷ್ಟು ಭಾಷೆಗಳನ್ನು ಒಂದೇ ಓಣಿಯಲ್ಲಿ ತಂದು ಕೂರಿಸುವುದಿಲ್ಲ.

ಸುದ್ದಿಯ ಲೆಕ್ಕವನ್ನೂ ನೋಡಿ. ಮರಳ್ನಾಡಿನ ರಾಜ ಗಾಳಿ ಮುಚ್ಚಿದ ಮರುದಿನ ಸತ್ತ ಅಂದುಕೊಳ್ಳಿ. ಕೆಂಗೋಟೆಗೆ ಅದು ಗೊತ್ತಾಗಲು ಅರ್ಧ ವರ್ಷ ಬೇಕು. ಅಲ್ಲಿಯವರೆಗೆ ಸತ್ತವನ ಮುದ್ರೆ ಇರುವ ಕಾಗದಕ್ಕೆ ಇಲ್ಲಿ ಬೆಲೆ ಇರುತ್ತದೆ, ಸತ್ತವನ ರಾಯಭಾರಿಗೆ ಮರ್ಯಾದೆ ಇರುತ್ತದೆ. ಕಥೆಗಾರನಿಗೆ ಇದಕ್ಕಿಂತ ಏನು ಬೇಕು?

ಬೆಲೆಯೂ ಹಾಗೇ ಏರಿಳಿಯುತ್ತದೆ. ಋತುವಿನ ಮೊದಲ ಹಡಗಿನ ಕುದುರೆಗೆ ಬಂಗಾರದ ಬೆಲೆ. ಕೊನೆಯ ಹಡಗು ಬರುವಷ್ಟರಲ್ಲಿ ಲಾಯ ತುಂಬಿರುತ್ತದೆ. ಅದಕ್ಕೇ ಮೊದಲು ಮುಟ್ಟಲು ಹಡಗಿನವರು ಪ್ರಾಣ ಒತ್ತೆ ಇಟ್ಟು, ಅಲೆ ಇಳಿಯುವ ಮುಂಚೆಯೇ ಹೊರಡುತ್ತಾರೆ.

ಈ ಕಡಲಿನಲ್ಲಿ ನಿಜಕ್ಕೂ ಕುದುರೆ ತಂದವರಲ್ಲಿ ಒಬ್ಬ ರಷ್ಯಾದ ತ್ವೇರ್ ಊರಿನ ಅಫನಾಸಿ ನಿಕಿತಿನ್. ಹದಿನೈದನೇ ಶತಮಾನದಲ್ಲಿ ಒಂದು ಕುದುರೆ ಜೊತೆಗಿಟ್ಟುಕೊಂಡು ಇರಾನ್ ಕರಾವಳಿಯ ದ್ವೀಪ-ಬಂದರಾದ ಹೊರ್ಮುಜ್‌ನಿಂದ ಹಡಗು ಹತ್ತಿದ. ನಡುವೆ ಬಂದರುಗಳಲ್ಲಿ ನಿಲ್ಲುತ್ತಾ, ಆರು ವಾರ ನೀರಿನ ಮೇಲಿದ್ದು ಕೊಂಕಣದ ಚೌಲ್‌ನಲ್ಲಿ ಇಳಿದ. ಜುನ್ನಾರ್ ಮುಟ್ಟುವಷ್ಟರಲ್ಲಿ ಮಳೆಗಾಲ. ನಾಲ್ಕು ತಿಂಗಳು ಎಲ್ಲೆಲ್ಲೂ ನೀರು, ಕೆಸರು ಅಂತ ಬರೆದಿದ್ದಾನೆ. ಅಲ್ಲಿನ ಅಧಿಕಾರಿ ಅವನ ಕುದುರೆಯನ್ನೇ ಕಿತ್ತುಕೊಂಡಿದ್ದ. ಹೇಗೋ ಬಿಡಿಸಿಕೊಂಡು ಬಂದು ಕೊನೆಗೆ ಮಾರಿದ್ದು ನಮ್ಮ ಬೀದರಿನಲ್ಲಿ. ಒಬ್ಬ ಮನುಷ್ಯ, ಒಂದು ಕುದುರೆ, ಒಂದು ಮಳೆಗಾಲ. ಒಂದು ಕಾದಂಬರಿಗೆ ಇಷ್ಟು ಸಾಕು.

ಕುದುರೆ ದಾರಿಯಲ್ಲೇ ಸತ್ತರೆ ನಷ್ಟ ಯಾರದು? ಇದನ್ನು ತೀರ್ಮಾನ ಮಾಡದೆ ಬಿಡಬೇಡಿ. ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿರುವುದು ಹೀಗಿದೆ: ಅಲ್ಲಿ ಹಿಂದೆ ರಾಜನಾಗಿದ್ದ ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ. ಅಷ್ಟು ಕೊಟ್ಟರೆ ಮಾತ್ರ ವ್ಯಾಪಾರಿ ಮುಂದಿನ ವರ್ಷವೂ ಬರುತ್ತಾನೆ, ಶತ್ರುವಿನ ಬಂದರಿಗೆ ಹೋಗುವುದಿಲ್ಲ. ಶಂಖೂರಿನ ಸುಂಕದ ಕಟ್ಟೆಯಲ್ಲಿ ಬಾಲಗಳ ರಾಶಿ, ಅದನ್ನು ಎಣಿಸುವ ಗುಮಾಸ್ತ, ಸತ್ತದ್ದೋ ಅಥವಾ ಬದುಕಿದ ಕುದುರೆಯದ್ದೇ ಕತ್ತರಿಸಿ ತಂದದ್ದೋ ಅನ್ನುವ ಜಗಳ. ಇಂಥ ಒಂದು ದೃಶ್ಯ ಬರೆದರೆ ಸಾಕು, ಓದುವವರು ನಿಮ್ಮ ಲೋಕವನ್ನು ನಂಬುತ್ತಾರೆ.

ದಡ ಕಾಣದ ಕಡಲಿನಲ್ಲಿ ದಾರಿ ಹಿಡಿಯುವುದು ಹೇಗೆ ಅಂತಲೂ ಯೋಚಿಸಿರಿ. ಅರಬ್ ನಾವಿಕರ ಹತ್ತಿರ ಕಮಾಲ್ ಅನ್ನುವ ಸಾಧನ ಇತ್ತು. ಅಂಗೈ ಅಗಲದ ಮರದ ಹಲಗೆ, ನಡುವೆ ತೂತು, ಅದರಲ್ಲಿ ಗಂಟು ಹಾಕಿದ ದಾರ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ದಾರ ಬಿಗಿಯಾಗುವಷ್ಟು ಮುಂದೆ ಹಿಡಿಯುವುದು. ಹಲಗೆಯ ಕೆಳಗಿನ ಅಂಚು ದಿಗಂತಕ್ಕೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ತಾಗಿದರೆ, ಆ ಗಂಟಿಗೆ ಸೇರಿದ ಬಂದರಿನ ಮಟ್ಟಕ್ಕೆ ಬಂದಿದ್ದೇವೆ ಅಂತ ಅರ್ಥ. ಒಂದೊಂದು ಗಂಟು ಒಂದೊಂದು ಊರು. ನಿಮ್ಮ ಲೋಕದಲ್ಲಿ ಎರಡು ಚಂದ್ರ ಇದ್ದರೆ, ಧ್ರುವ ನಕ್ಷತ್ರವೇ ಇಲ್ಲದಿದ್ದರೆ, ಈ ದಾರ ಹೇಗೆ ಬದಲಾಗುತ್ತದೆ ಅಂತ ಯೋಚಿಸಿ.

ತೊಂದರೆ ಇಲ್ಲವೇ? ಇದೆ. ನಾಯಕ ನಾಳೆಯೇ ಆ ದಡ ಮುಟ್ಟಬೇಕು ಅಂದರೆ ಈ ದಾರಿ ಬಿಡುವುದಿಲ್ಲ. ವರ್ಷಕ್ಕೆ ಒಂದು ಹೋಗಿಬರುವಿಕೆ, ಅಷ್ಟೇ. ಅವಸರದ ಕಥೆ ನಿಮ್ಮದಾದರೆ ಮುಂದಿನದನ್ನು ನೋಡಿ.

ದಂಡೆ ಹಿಡಿದು ಹೋಗುವ ದಾರಿ

ಮಸಿಗಡಲಿನ ಉತ್ತರದ ಬಾಗು ಹಿಡಿದು, ಬಂದರಿನಿಂದ ಬಂದರಿಗೆ, ದಡ ಕಣ್ಣಿಗೆ ಕಾಣುವ ದೂರದಲ್ಲೇ ಸಾಗುವುದು. ದೊಡ್ಡ ಹಡಗು ಬೇಡ. ನಮ್ಮ ಕರಾವಳಿಯ ಮಚ್ವೆ, ಪತ್ತೇಮಾರಿ ಇಂಥ ಕೆಲಸದವು. ಉಪ್ಪು, ಅಕ್ಕಿ, ಒಣಮೀನು, ತೆಂಗಿನಕಾಯಿ, ಮಂಗಳೂರು ಹೆಂಚು, ದಿನದ ಬಾಳಿಗೆ ಬೇಕಾದ ಎಲ್ಲಾ ಸರಕೂ ಹೀಗೇ ಹೋಗುತ್ತಿತ್ತು. ನೀರು ಮುಗಿದರೆ ಮುಂದಿನ ಊರಿನಲ್ಲಿ ತುಂಬಿಸಿಕೊಳ್ಳಬಹುದು. ಕುದುರೆಯ ಬಾಯಾರಿಕೆಯ ಲೆಕ್ಕ ಇಲ್ಲಿ ಸುಲಭವಾಗುತ್ತದೆ.

ಇದಕ್ಕೆ ತನ್ನದೇ ಗಾಳಿ ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನ ಉಲ್ಟಾ. ಹಾಗಾಗಿ ದೋಣಿ ನಸುಕಿನಲ್ಲಿ ನೆಲಗಾಳಿ ಹಿಡಿದು ಹೊರಡುತ್ತದೆ, ಮಧ್ಯಾಹ್ನದ ಕಡಲಗಾಳಿಯಲ್ಲಿ ದಡಕ್ಕೆ ಸೇರುತ್ತದೆ. ಪ್ರತಿ ಸಂಜೆ ಒಂದು ಹೊಸ ಊರು. ಟೇಬಲ್ ಆಟ ಆಡಿಸುವವರಿಗೆ ನಾನು ಹೇಳುವುದು ಇದನ್ನೇ. ವಾರಕ್ಕೊಮ್ಮೆ ಕೂಡುವ ಗುಂಪಿಗೆ ವಾರಕ್ಕೊಂದು ಬಂದರು. ಒಂದರಲ್ಲಿ ಮದುವೆ, ಇನ್ನೊಂದರಲ್ಲಿ ಸಾಂಕ್ರಾಮಿಕ ರೋಗ, ಮತ್ತೊಂದರಲ್ಲಿ ಸಾಲ ವಸೂಲಿಗೆ ಕಾದು ನಿಂತವರು.

ದಂಡೆಯ ದಾರಿ ಸುರಕ್ಷಿತ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಆದರೆ ಬಿರುಗಾಳಿಯಲ್ಲಿ ದಡವೇ ಹಡಗಿನ ಶತ್ರು. ನಡು ಸಮುದ್ರದಲ್ಲಿ ಗಾಳಿ ತಳ್ಳಿದರೆ ಹಡಗು ತಳ್ಳಿಸಿಕೊಂಡು ಹೋಗುತ್ತದೆ, ಅಷ್ಟೇ. ದಡದ ಹತ್ತಿರ ತಳ್ಳಿದರೆ ಬಂಡೆಗೆ ಬಡಿಯುತ್ತದೆ. ಅದರ ಮೇಲೆ ಪ್ರತಿ ಅಳಿವೆಯಲ್ಲೂ ಒಬ್ಬ ಪಾಳೆಯಗಾರ, ಪ್ರತಿ ಪಾಳೆಯಗಾರನಿಗೂ ಸುಂಕ. ಕೊಡದಿದ್ದರೆ ಅವನೇ ಕಡಲ್ಗಳ್ಳ. ಇಪ್ಪತ್ತು ಕಡೆ ಸುಂಕ ಕೊಟ್ಟ ಮಿಂಚುಗುದುರೆ ಶಂಖೂರು ಮುಟ್ಟುವಷ್ಟರಲ್ಲಿ ರಾಜನೂ ಕೊಳ್ಳಲಾಗದ ಬೆಲೆಗೆ ಬಂದಿರುತ್ತದೆ. ಹಾಗಾಗಿ ಸಾಮಾನ್ಯ ಜನರ ಕಥೆಗೆ ಈ ದಾರಿ ಚೆಂದ. ಸಾಮ್ರಾಜ್ಯದ ಕಥೆಗೆ ಇದೊಂದೇ ಸಾಲದು.

ಜಲಸಂಧಿಯ ದಾರಿ

ರಾಜಕೀಯದ ಕಥೆ ಬರೆಯುವವರಿಗೆ ಇದು. ಎಲ್ಲಾ ಹಡಗುಗಳೂ ಒಂದೇ ಸಂದಿನಲ್ಲಿ ನುಗ್ಗಬೇಕು, ಆ ಸಂದು ಯಾರ ಕೈಯಲ್ಲಿದೆಯೋ ಅವರದ್ದೇ ಆಟ. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಒಂದೇ ಹಡಗು ಅಡ್ಡ ಸಿಕ್ಕಿಕೊಂಡು ಆರು ದಿನ ಲೋಕದ ವ್ಯಾಪಾರವೇ ಕಾದು ನಿಂತದ್ದು ನೆನಪಿದೆಯಲ್ಲ? ಹಳೆಯ ಕಾಲದಲ್ಲೂ ಇದೇ ಕಥೆ. ಪೋರ್ಚುಗೀಸರು 1510ರಲ್ಲಿ ಗೋವಾ, 1511ರಲ್ಲಿ ಮಲಾಕ್ಕಾ, 1515ರಲ್ಲಿ ಹೊರ್ಮುಜ್ ಹಿಡಿದರು. ದೇಶ ಗೆಲ್ಲಲಿಲ್ಲ, ಬಾಗಿಲುಗಳನ್ನು ಹಿಡಿದರು. ತಮ್ಮ ಕಾರ್ತಾಜ್ ಇಲ್ಲದೆ ಓಡಾಡುವ ಹಡಗನ್ನು ಹಿಡಿಯುತ್ತಿದ್ದರು. ಕಾರ್ತಾಜ್ ಅಂದರೆ ಒಂದು ಪರವಾನಗಿ ಚೀಟಿ.

ಸುಂಕ ಹೇಗೆ ಹಾಕುತ್ತಾರೆ ಅನ್ನುವುದಕ್ಕೆ ಡೆನ್ಮಾರ್ಕ್‌ನ ಉದಾಹರಣೆ ನನಗೆ ತುಂಬಾ ಇಷ್ಟ. ಬಾಲ್ಟಿಕ್ ಸಮುದ್ರದ ಬಾಯಲ್ಲಿರುವ ಓರೆಸುಂಡ್ ಜಲಸಂಧಿಯಲ್ಲಿ 1429ರಿಂದ 1857ರವರೆಗೆ ಹಡಗುಗಳು ಸುಂಕ ಕೊಟ್ಟೇ ದಾಟಬೇಕಿತ್ತು. ಸರಕಿನ ಬೆಲೆ ಎಷ್ಟು ಅಂತ ಹಡಗಿನ ಯಜಮಾನನೇ ಹೇಳಬೇಕು. ಸುಳ್ಳು ಹೇಳಿ ಕಡಿಮೆ ಬೆಲೆ ಬರೆಸಬಹುದಲ್ಲ? ಅದಕ್ಕೆ ಒಂದು ಉಪಾಯ ಇತ್ತು. ಹೇಳಿದ ಬೆಲೆಗೇ ಇಡೀ ಸರಕನ್ನು ಕೊಂಡುಕೊಳ್ಳುವ ಹಕ್ಕು ರಾಜನಿಗಿತ್ತು. ಕಡಿಮೆ ಹೇಳಿದರೆ ಸರಕೇ ಹೋಗುತ್ತದೆ. ಜಾಸ್ತಿ ಹೇಳಿದರೆ ಸುಂಕ ಏರುತ್ತದೆ. ತಪಾಸಣೆ ಮಾಡುವ ದೊಡ್ಡ ಪಡೆಯೇ ಬೇಡ. ಕೆಂಗೋಟೆಯ ಕಥೆಯಲ್ಲಿ ದ್ವೀಪದ ರಾಣಿ ಒಬ್ಬಳಿದ್ದು, ಅವಳು ಇದೇ ನಿಯಮ ಇಟ್ಟರೆ, ವ್ಯಾಪಾರಿಗೂ ಅವಳಿಗೂ ನಡುವಿನ ಐದು ನಿಮಿಷದ ಮಾತುಕತೆ ಯಾವ ಕತ್ತಿವರಸೆಗೂ ಕಡಿಮೆ ಇರುವುದಿಲ್ಲ.

ಈ ದಾರಿ ಆರಿಸುವವರು ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಲೇಬೇಕು. ಜನ ಸುತ್ತು ಹಾಕಿ ಯಾಕೆ ಹೋಗುವುದಿಲ್ಲ? ಸುತ್ತಿನ ಖರ್ಚಿಗಿಂತ ಸುಂಕ ಜಾಸ್ತಿಯಾದ ದಿನ ಹಡಗುಗಳು ಬೇರೆ ದಾರಿ ಹುಡುಕುತ್ತವೆ. ಬಾಲ್ಟಿಕ್‌ನಲ್ಲೇ ಲೂಬೆಕ್‌ನಿಂದ ಹ್ಯಾಂಬರ್ಗ್‌ಗೆ ಸರಕು ನೆಲದ ಮೇಲೆ ಸಾಗಿ, ಆ ಜಲಸಂಧಿಯನ್ನೇ ತಪ್ಪಿಸುತ್ತಿತ್ತು. ಮಸಿಗಡಲಿನಲ್ಲಿ ದ್ವೀಪದ ರಾಣಿ ಸುಂಕ ಏರಿಸಿದರೆ ಉತ್ತರದ ದಂಡೆ ಚಿಗುರುತ್ತದೆ. ಇಳಿಸಿದರೆ ದಂಡೆಯ ಊರುಗಳು ಒಣಗುತ್ತವೆ. ರಾಣಿ ಇದನ್ನು ತಿಳಿದವಳಾಗಿರಬೇಕು.

ಇನ್ನೊಂದು, ಬಾಗಿಲ ಊರುಗಳಿಗೆ ದುಡ್ಡು ಇರುತ್ತದೆ, ಅನ್ನ ಇರುವುದಿಲ್ಲ. ಹೊರ್ಮುಜ್ ದ್ವೀಪದಲ್ಲಿ ಕುಡಿಯುವ ನೀರೇ ಇರಲಿಲ್ಲ, ಹೊರಗಿನಿಂದ ದೋಣಿಯಲ್ಲಿ ತರಬೇಕಿತ್ತು. ಮಲಾಕ್ಕಾ ಅಕ್ಕಿಯನ್ನು ಹೊರಗಿನಿಂದ ತರಿಸುತ್ತಿತ್ತು. 1025ರಲ್ಲಿ ರಾಜೇಂದ್ರ ಚೋಳನ ನೌಕಾಪಡೆ ಮಲಾಕ್ಕಾ ಜಲಸಂಧಿಯ ಒಡೆಯರಾಗಿದ್ದ ಸುಮಾತ್ರಾದ ಶ್ರೀವಿಜಯ ರಾಜ್ಯದ ಮೇಲೆ ದಾಳಿ ಮಾಡಿತ್ತು. ಬಾಗಿಲು ಕಾಯುವವನ ಮೇಲೆ ಎಲ್ಲರ ಕಣ್ಣೂ ಇರುತ್ತದೆ.

ಮಹಾಸಾಗರದ ಸುತ್ತು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಬಹಳ ಕಥೆಗಳಿಗೆ ಇದು ಬೇಕಾಗುವುದಿಲ್ಲ. ಹೋಗುವ ಗಾಳಿ ಒಂದು ಕಡೆ, ಬರುವ ಗಾಳಿ ಸಾವಿರಾರು ಕಿ.ಮೀ. ದೂರದ ಇನ್ನೊಂದು ಕಡೆ. ಮೆಕ್ಸಿಕೋದ ಅಕಾಪುಲ್ಕೋದಿಂದ ಫಿಲಿಪ್ಪೀನ್ಸಿನ ಮನಿಲಾಕ್ಕೆ ಸ್ಪೇನಿನ ಹಡಗುಗಳು ಸುಮಾರು ಮೂರು ತಿಂಗಳಲ್ಲಿ ಬರುತ್ತಿದ್ದವು. ವಾಪಸ್ ಹೋಗುವ ದಾರಿ ಗೊತ್ತಿರಲಿಲ್ಲ. 1565ರಲ್ಲಿ ಉರ್ದನೇತಾ ಅನ್ನುವ ಪಾದ್ರಿ-ನಾವಿಕ ಉತ್ತರಕ್ಕೆ ಏರಿ ಪಶ್ಚಿಮದ ಗಾಳಿ ಹಿಡಿದು ದಾರಿ ಕಂಡುಕೊಂಡ. ಆ ವಾಪಸ್ ಪ್ರಯಾಣಕ್ಕೆ ನಾಲ್ಕರಿಂದ ಆರು ತಿಂಗಳು. ತಾಜಾ ತರಕಾರಿ ಇಲ್ಲದೆ ವಸಡು ಕೊಳೆತು ಸಾಯುವ ಸ್ಕರ್ವಿ ರೋಗ. ವರ್ಷಕ್ಕೆ ಒಂದೋ ಎರಡೋ ಹಡಗು. ಆ ಕಡೆಯಿಂದ ಬೆಳ್ಳಿ, ಈ ಕಡೆಯಿಂದ ರೇಷ್ಮೆ, ಪಿಂಗಾಣಿ. 1815ರವರೆಗೆ ಹೀಗೇ ನಡೆಯಿತು. ಒಂದು ಹಡಗು ಮುಳುಗಿದರೆ ಮನಿಲಾ ನಗರವೇ ದಿವಾಳಿಯ ಅಂಚಿಗೆ ಬರುತ್ತಿತ್ತು.

ಎಷ್ಟು ಉತ್ತರಕ್ಕೆ ಬಂದೆವು ಅಂತ ನಕ್ಷತ್ರ ಹೇಳುತ್ತದೆ. ಎಷ್ಟು ಪೂರ್ವಕ್ಕೆ ಬಂದೆವು ಅಂತ ಹೇಳುವ ಗಡಿಯಾರ ಹದಿನೆಂಟನೇ ಶತಮಾನದವರೆಗೆ ಇರಲಿಲ್ಲ. 1611ರಿಂದ ಡಚ್ಚರು ದೂರ ದಕ್ಷಿಣಕ್ಕೆ ಇಳಿದು, ಅಲ್ಲಿನ ಜೋರು ಪಶ್ಚಿಮದ ಗಾಳಿ ಹಿಡಿದು ಜಾವಾಕ್ಕೆ ಬೇಗ ಹೋಗತೊಡಗಿದರು. ಉತ್ತರಕ್ಕೆ ತಿರುಗುವುದು ತಡವಾದರೆ ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಬಡಿಯುವುದೇ. 1629ರಲ್ಲಿ ಬಟಾವಿಯಾ ಅನ್ನುವ ಹಡಗಿಗೆ ಆದದ್ದು ಇದೇ. ಒಂದೇ ಹಡಗು, ಅದರಲ್ಲಿ ಸಿಕ್ಕಿಕೊಂಡ ನೂರಾರು ಜನ, ತಿಂಗಳುಗಟ್ಟಲೆ ನೀರು. ನಿಮ್ಮ ಕಥೆ ಹಡಗಿನೊಳಗೇ ನಡೆಯುವುದಾದರೆ ಈ ದಾರಿ ಆರಿಸಿ. ಇಲ್ಲದಿದ್ದರೆ ಬಿಡಿ. ಮಿಂಚುಗುದುರೆ ಅಂತೂ ಇದರಲ್ಲಿ ಬದುಕಿ ಬರುವುದಿಲ್ಲ.

ಮಂತ್ರವಾದಿಗಳು ಇದ್ದರೆ?

ಗಾಳಿ ಕರೆಯುವ ಮಂತ್ರ ಇದ್ದರೆ ಮೇಲಿನದೆಲ್ಲಾ ಸುಮ್ನೆ ಹಾಳಾಗುತ್ತದೆ ಅಲ್ವಾ? ಹಾಗೇನಿಲ್ಲ, ಮಂತ್ರಕ್ಕೆ ಅಳತೆ ಇದ್ದರೆ ಆಯಿತು. ಒಳ್ಳೆಯ ಗಾಳಿಯಲ್ಲೂ ಹಳೆಯ ಕಾಲದ ಸರಕಿನ ಹಾಯಿ ಹಡಗು ದಿನಕ್ಕೆ ಸುಮಾರು 150–200 ಕಿ.ಮೀ. ಹೋಗುತ್ತಿತ್ತು, ಅಷ್ಟೇ. 2000 ಕಿ.ಮೀ. ದಾಟಲು ಕಡಿಮೆ ಅಂದರೂ ಹತ್ತು ಹದಿನಾಲ್ಕು ದಿನ, ಹಗಲೂ ರಾತ್ರಿ ಗಾಳಿ ಬೇಕು. ಒಬ್ಬ ಮಂತ್ರವಾದಿ ಅರ್ಧ ದಿನ ಗಾಳಿ ಕೊಟ್ಟರೆ ಬಂದರಿನಿಂದ ಹೊರಬರಲು, ಕಡಲ್ಗಳ್ಳರಿಂದ ತಪ್ಪಿಸಿಕೊಳ್ಳಲು ಸಾಕು. ಸಮುದ್ರ ದಾಟಲು ಸಾಲದು. ಹೀಗಿಟ್ಟರೆ ಮಂತ್ರಕ್ಕೂ ಬೆಲೆ ಉಳಿಯುತ್ತದೆ, ಋತುವಿಗೂ ಉಳಿಯುತ್ತದೆ.

ಬಂದರಿನಿಂದ ಈಚೆಗೆ

ಕಡಲ ದಾರಿ ಬಂದರಿನಲ್ಲಿ ಮುಗಿಯುತ್ತದೆ ಅಂತ ಮ್ಯಾಪ್ ಹೇಳುತ್ತದೆ. ನಮ್ಮ ಭಾಗದವರಿಗೆ ಅದು ಅಲ್ಲಿಂದಲೇ ಶುರು. ನಮ್ಮ ಓಣಿಯ ಕಾಲೇಜು ಹುಡುಗನೊಬ್ಬ ತನ್ನ ಆಟದ ಮ್ಯಾಪ್ ತೋರಿಸುತ್ತಾ ಕೇಳಿದ: "ಕಾಕಾ, ರಾಜಧಾನೀನ ಸಮುದ್ರದ ದಂಡಿಗೇ ತಂದಿಟ್ರ ಆಯ್ತಲ್ಲ? ಇಷ್ಟ್ಯಾಕ ತ್ರಾಸು?" ನಾನು ಹೇಳಿದೆ: "ಹಂಗಾದ್ರ ಘಟ್ಟ ಯಾಕ ಬರದೀಪಾ? ದಂಡಿಗೆ ಇಟ್ಟರ ನಿನ್ನ ಘಟ್ಟ ದಾಟಾವ್ರೇ ಇರಾಂಗಿಲ್ಲ." ಅವನು ರಾಜಧಾನಿಯನ್ನು ಒಳಗೇ ಉಳಿಸಿದ. ಈಗ ಅವನ ಆಟದಲ್ಲಿ ಘಟ್ಟದ ದಾರಿಯೇ ಎಲ್ಲರಿಗೂ ಇಷ್ಟವಾದ ಭಾಗ.

ನೆಲದ ಲೆಕ್ಕ ನೋಡಿ. ಹಡಗು ಒಂದು ದಿನದಲ್ಲಿ ಹೋಗುವ ದೂರಕ್ಕೆ ಎತ್ತಿನ ಗಾಡಿಗೆ ವಾರಕ್ಕಿಂತ ಜಾಸ್ತಿ ಬೇಕು. ಘಟ್ಟದಲ್ಲಿ ಗಾಡಿಯೂ ಹೋಗುವುದಿಲ್ಲ, ಎತ್ತಿನ ಬೆನ್ನ ಮೇಲೆ ಹೇರು ಹಾಕಬೇಕು. ಇಂದು ಕಲಬುರಗಿ, ಯಾದಗಿರಿ, ಬೀದರಿನ ತಾಂಡಾಗಳಲ್ಲಿರುವ ಲಂಬಾಣಿಗಳ ಹಿರಿಯರು ಶತಮಾನಗಳ ಕಾಲ ಮಾಡಿದ ಕೆಲಸ ಇದು. ಸಾವಿರಾರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನ್ನಿನ ಉದ್ದಗಲ ತಿರುಗಿದವರು. ನಿಮ್ಮ ಲೋಕದಲ್ಲಿ ಈ ಕೆಲಸ ಯಾರದು? ಅವರಿಗೊಂದು ಹೆಸರು, ಹಾಡು, ದೇವರು ಕೊಡಿ. ಅವರು ಇಲ್ಲದಿದ್ದರೆ ಹಡಗಿನ ಸರಕು ಬಂದರಿನಲ್ಲೇ ಕೊಳೆಯುತ್ತದೆ.

ಇಲ್ಲೇ ಕುದುರೆಯ ಇನ್ನೊಂದು ಗುಣ ಕಾಣುತ್ತದೆ. ಅದು ತಾನೇ ನಡೆದು ಬರುವ ಸರಕು. ಹಡಗಿನಲ್ಲಿ ಅತಿ ಕಷ್ಟ ಕೊಟ್ಟದ್ದು ಘಟ್ಟದಲ್ಲಿ ಅತಿ ಸುಲಭ. ಪಿಂಗಾಣಿ ಇದರ ಉಲ್ಟಾ. 1998ರಲ್ಲಿ ಇಂಡೊನೇಷ್ಯಾದ ಬೆಲಿಟುಂಗ್ ದ್ವೀಪದ ಹತ್ತಿರ ಸಿಕ್ಕ ಒಂಬತ್ತನೇ ಶತಮಾನದ ಹಡಗಿನಲ್ಲಿ ಸುಮಾರು 60,000 ಚೀನೀ ಪಾತ್ರೆಗಳಿದ್ದವು. ಬಟ್ಟಲುಗಳನ್ನು ದೊಡ್ಡ ಜಾಡಿಗಳೊಳಗೆ ಒತ್ತೊತ್ತಾಗಿ ಜೋಡಿಸಿದ್ದರು. ಹಡಗಿಗೆ ಅಷ್ಟು ಭಾರ ಒಳ್ಳೆಯದೇ, ತಳ ಗಟ್ಟಿಯಾಗಿ ಕೂರುತ್ತದೆ. ಅದನ್ನೇ ಎತ್ತಿನ ಮೇಲೆ ಹೇರಿ ಘಟ್ಟ ಹತ್ತಿಸಿ ನೋಡಿ! ಹಾಗಾಗಿ ಕೆಂಗೋಟೆಯ ಬಜಾರಿನಲ್ಲಿ ಕುದುರೆ, ಮುತ್ತು, ಚಿಪ್ಪು, ಬಣ್ಣ, ಔಷಧಿ ಸಿಗಬೇಕು. ಪಿಂಗಾಣಿ ಬಟ್ಟಲು ಬರೀ ಅರಮನೆಯಲ್ಲಿರಬೇಕು.

ಎಲ್ಲಕ್ಕಿಂತ ಹಗುರವಾದ ಸರಕು ವಿದ್ಯೆ. ಕಲಬುರಗಿಯಿಂದ ಆಳಿದ ಫಿರೋಜ್ ಶಾ ಬಹಮನಿ ಗೋವಾ, ಚೌಲ್ ಬಂದರುಗಳಿಂದ ಪ್ರತಿ ವರ್ಷ ಹಡಗು ಕಳಿಸುತ್ತಿದ್ದ ಅಂತ ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಸರಕು ತರುವುದರ ಜೊತೆಗೆ ಪಂಡಿತರನ್ನು, ಕಲಾವಿದರನ್ನು ಕರೆತರುವುದೂ ಆ ಹಡಗುಗಳ ಕೆಲಸ. ಬೀದರಿನ ನೌಬಾದ್ ಹತ್ತಿರ ನೆಲದಡಿಯಲ್ಲಿ ಹರಿಯುವ ಕರೇಜ್ ನೋಡಿದವರಿಗೆ ಇದು ಅರ್ಥವಾಗುತ್ತದೆ. ಜನ ಸುರಂಗ ಬಾವಿ ಅನ್ನುತ್ತಾರೆ. ನೆಲದ ಕೆಳಗೆ ಉದ್ದಕ್ಕೆ ಸುರಂಗ ತೋಡಿ, ಅಲ್ಲಲ್ಲಿ ಮೇಲಕ್ಕೆ ಬಾವಿಯಂಥ ತೂತು ಬಿಟ್ಟು, ಇಳಿಜಾರಿನಲ್ಲಿ ನೀರು ಹರಿಸುವ ಇರಾನಿನ ವಿದ್ಯೆ ಅದು. ಒಣಭೂಮಿಗೆ ಸಮುದ್ರದಾಚೆಯ ವಿದ್ಯೆ ನೀರು ಕೊಟ್ಟಿತು. ಮರಳ್ನಾಡಿನಿಂದ ಕೆಂಗೋಟೆಗೆ ಯಾವ ವಿದ್ಯೆ ಬಂತು? ಅದನ್ನು ತಂದವನು ವಾಪಸ್ ಹೋದನೋ, ಇಲ್ಲೇ ಉಳಿದನೋ?

ನಾಲ್ಕರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು ಅಂತೇನೂ ಇಲ್ಲ. ಮಸಿಗಡಲಿಗೆ ನಾನು ಇಡುವುದು ಎರಡನ್ನು. ಮುಖ್ಯ ದಾರಿ ಋತುಗಾಳಿಯದು, ಕುದುರೆಗೂ ಸುದ್ದಿಗೂ. ಅದರ ಪಕ್ಕದಲ್ಲಿ ದಂಡೆಯ ದಾರಿ, ಉಪ್ಪಿಗೂ ಓಡಿ ತಪ್ಪಿಸಿಕೊಳ್ಳುವವರಿಗೂ. ದ್ವೀಪದ ರಾಣಿಯನ್ನು ಎರಡನೇ ಭಾಗಕ್ಕೆ ಇಟ್ಟುಕೊಳ್ಳಬಹುದು. ನಿಮ್ಮ ಮ್ಯಾಪ್ ಮುಂದಿಟ್ಟುಕೊಂಡು ಗೆರೆ ಎಳೆಯುವ ಮುಂಚೆ ಸಮುದ್ರದ ಮೇಲೆ ಎರಡು ಬಾಣ ಬರೆಯಿರಿ, ಒಂದು ಹೋಗುವ ಗಾಳಿಗೆ, ಒಂದು ಬರುವ ಗಾಳಿಗೆ. ಪ್ರತಿ ಬಾಣದ ಪಕ್ಕ ನಿಮ್ಮ ಲೋಕದ ತಿಂಗಳುಗಳ ಹೆಸರು ಬರೆಯಿರಿ. ಬಂದರಿನ ಜಾಗ ಆಮೇಲೆ ಹುಡುಕಿ.